ಕಾಂತರಾಜು ತಂದ ಮೂರು ಚಕ್ರದ ಗಾಡಿ

ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು. "ಹೆರಿಗೆ ಆಪರೇಷನ್ ಆಗಿರೋ ಮೈ. ಸೊಂಟನೋವು ಪೂರ್ತಿ ಹೋಗೋವರೆಗೂ ಭಾರ ಎತ್ತಿಸಬೇಡಿ."

ಪಿರಿಯಾಪಟ್ಟಣದ ಟೈಲರ್ ಕಾಂತರಾಜು ಆ ಮಾತನ್ನು ತಲೆಯಾಡಿಸಿ ಕೇಳಿಸಿಕೊಂಡು ಬಂದು ತಾಯಿ ಸೋಮಮ್ಮನಿಗೆ ಒಪ್ಪಿಸಿದ. ಸೋಮಮ್ಮ ಅದನ್ನು ಬೀದಿಗೆ ಒಪ್ಪಿಸಿದಳು. ಸಂಜೆಯೊಳಗೆ ಜಗಲಿಯಲ್ಲಿ ಕೂತ ನಾಲ್ಕು ಜನ ಸೇರಿ, ಭಾರ ಎಂದರೆ ಮಗು, ಇನ್ನು ಅವನ ಹೆಂಡತಿ ಪ್ರಮೀಳಾ ಮಗುವನ್ನು ಎತ್ತಿಕೊಳ್ಳಕೂಡದು ಎಂದು ತೀರ್ಮಾನ ಮಾಡಿಬಿಟ್ಟರು. ಪ್ರಮೀಳಾಳನ್ನು ಯಾರೂ ಕೇಳಲಿಲ್ಲ. ಅವಳು ಸಾಲಿಗ್ರಾಮದ ತವರಿನಿಂದ ಬಾಣಂತನ ಮುಗಿಸಿಕೊಂಡು ಬಂದು ಆಗಿನ್ನೂ ಒಂದು ವಾರವಾಗಿತ್ತು.

ಹಾಲು ಕುಡಿಸುವ ಹೊತ್ತಿಗೆ ಸೋಮಮ್ಮನೇ ಮಗುವನ್ನು ತಂದು ಸೊಸೆಯ ತೊಡೆಯ ಮೇಲೆ ಮಲಗಿಸುತ್ತಿದ್ದಳು. ಕುಡಿದು ಮುಗಿಯುತ್ತಲೇ, "ಕೊಡವ್ವ, ನೀನು ಎತ್ಬೇಡ" ಎಂದು ತಿರುಗಿ ಕಿತ್ತುಕೊಳ್ಳುತ್ತಿದ್ದಳು. ಸೋಮಮ್ಮನ ಮಂಡಿಯೂ ಅಷ್ಟಕ್ಕಷ್ಟೇ. ಹಾಗಾಗಿ ಸಂಜೆ ಕಾಂತರಾಜು ಅಂಗಡಿ ಮುಚ್ಚಿ ಬಂದು ಚಪ್ಪಲಿ ಬಿಡುವುದರೊಳಗೆ ಮಗು ಅವನ ಹೆಗಲೇರುತ್ತಿತ್ತು. ಕೂತರೆ ಅಳುತ್ತಿತ್ತು. ನಿಂತರೂ ಅಳುತ್ತಿತ್ತು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಮಾತ್ರ ಸುಮ್ಮನಿರುತ್ತಿತ್ತು. ದಿನವಿಡೀ ಮಿಷನ್ ತುಳಿದ ಕಾಲು, ರಾತ್ರಿ ಊಟದವರೆಗೂ ಕಾವಲಿನವನ ಹಾಗೆ ಬೀದಿ ಅಳೆಯಬೇಕಾಗಿತ್ತು.

ಇಷ್ಟಾದರೂ ಎರಡು ತಿಂಗಳಲ್ಲಿ ಪ್ರಮೀಳಾಳ ಸೊಂಟನೋವು ಒಂದು ಚೂರೂ ಕಡಿಮೆಯಾಗಲಿಲ್ಲ. ಅವಳು ಮೊದಲಿನಷ್ಟು ಮಾತಾಡುತ್ತಲೂ ಇರಲಿಲ್ಲ. "ಹೆಂಗಿದೆ?" ಎಂದರೆ "ಪರವಾಗಿಲ್ಲ" ಎನ್ನುತ್ತಿದ್ದಳು. ಅದರ ಮುಂದಿನ ಪ್ರಶ್ನೆ ಏನು ಕೇಳಬೇಕೋ ಕಾಂತರಾಜುವಿಗೆ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಕೊಡಗಿನ ಕಡೆಯ ಹೆಂಗಸೊಬ್ಬಳು ರವಿಕೆ ಹೊಲಿಸಲು ಅವನ ಅಂಗಡಿಗೆ ಬಂದಳು. ಅವಳ ಮಗು ಒಂದು ಮೂರು ಚಕ್ರದ ಗಾಡಿಯಲ್ಲಿ, ತಹಸೀಲ್ದಾರರ ಹಾಗೆ ಒರಗಿ ಕೂತಿತ್ತು. ತಾಯಿ ಎರಡು ಬೆರಳಲ್ಲಿ ತಳ್ಳಿಕೊಂಡು ಬಂದಳು, ಎರಡು ಬೆರಳಲ್ಲಿ ತಳ್ಳಿಕೊಂಡು ಹೋದಳು. ಕಾಂತರಾಜು ಅವಳ ತೋಳಿನ ಅಳತೆಯನ್ನು ಎರಡು ಸಲ ತಪ್ಪು ಬರೆದುಕೊಂಡ. ಅಂಥ ಗಾಡಿ ಬಂದರೆ ಪ್ರಮೀಳಾ ಮಗುವನ್ನು ಎತ್ತದೆಯೇ ಹೊರಗೆ ಕರೆದುಕೊಂಡು ಹೋಗಬಹುದು. ಅವಳ ಮುಖ ಗೆಲುವಾದೀತು. ತನ್ನ ಹೆಗಲಿಗೂ ಬಿಡುಗಡೆ. ಈ ಎರಡರಲ್ಲಿ ಯಾವುದು ಮೊದಲು ಹೊಳೆಯಿತು ಎಂದು ಅವನು ಆಮೇಲೂ ಯಾರಿಗೂ ಹೇಳಲಿಲ್ಲ.

ಆ ಮಂಗಳವಾರ ಅಂಗಡಿಗೆ ರಜೆ ಹಾಕಿದ. ಕಾಂತರಾಜು ಹುಣಸೂರಿಗೆ ಹೊರಟ. ಎದುರುಮನೆಯ ಜವರಯ್ಯ ಕರೆಯದೆಯೇ ಜೊತೆಗೆ ಹೊರಟ. ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರಾಗಿದ್ದ ಅವನಿಗೆ, ಬೀದಿಯಲ್ಲಿ ಯಾರೇ ಚಕ್ರವಿರುವ ವಸ್ತು ಕೊಂಡರೂ ತಾನು ನೋಡಿ ಒಪ್ಪಬೇಕು ಎಂಬ ನಂಬಿಕೆ.

"ಗಾಡಿ ಅಂದ್ರೆ ಸೀರೆ ಅಲ್ಲ ಕಣ್ಲಾ, ಬಣ್ಣ ನೋಡಿ ತರಕ್ಕೆ" ಎಂದು ಬಸ್ಸಿನುದ್ದಕ್ಕೂ ಹೇಳಿದ.

ಹುಣಸೂರಿನಲ್ಲಿ ಧರ್ಮೇಂದ್ರ ಎಂಬವನ ಸೈಕಲ್ ಅಂಗಡಿಯಲ್ಲಿ ಅಂಥ ಗಾಡಿಗಳು ಎರಡೇ ಇದ್ದವು. ಒಂದು ನಾಲ್ಕು ಚಕ್ರದ್ದು, ಗುಲಾಬಿ ಬಣ್ಣ, ಮೇಲೊಂದು ಜಾಲರಿ. ಇನ್ನೊಂದು ಮೂರು ಚಕ್ರದ್ದು, ಮುಂದೊಂದು, ಹಿಂದೆರಡು. ಚಿಕ್ಕ ಸೈಕಲ್ಲಿನ ಚಕ್ರದಂಥ ಗಾಳಿ ತುಂಬಿದ ಟೈರು. ಯಾರೋ ಎಸ್ಟೇಟಿನವರು ತರಿಸಿ, ಒಯ್ಯದೆ ಬಿಟ್ಟಿದ್ದರಂತೆ.

"ನಾಕು ಚಕ್ರದ್ದೇ ತಗೊಳ್ಳಿ ಸಾರ್. ಜನ ಅದನ್ನೇ ಕೇಳೋದು" ಎಂದ ಧರ್ಮೇಂದ್ರ.

"ಎಷ್ಟು ಜನ ಕೇಳಿದ್ರು?"

"ನೀವೇ ಮೊದ್ಲು."

ಜವರಯ್ಯ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಎರಡು ಗಾಡಿಗಳ ಹೊಟ್ಟೆಯಡಿಗೂ ಇಣುಕಿದ. ಕಾಂತರಾಜು ಅಭ್ಯಾಸಬಲದಿಂದ ಕತ್ತಿನಲ್ಲೇ ನೇತಾಡುತ್ತಿದ್ದ ಟೇಪು ತೆಗೆದು ಸೀಟಿನ ಅಗಲ, ಬೆನ್ನಿನ ಎತ್ತರ, ಕೊನೆಗೆ ಚಕ್ರದ ಸುತ್ತಳತೆಯನ್ನೂ ತೆಗೆದ. ಧರ್ಮೇಂದ್ರ ಗಾಡಿಗೆ ಷರ್ಟು ಹೊಲಿಸುತ್ತಾರೇನೋ ಎಂಬಂತೆ ನೋಡಿದ. ಬಾಳೆಹಣ್ಣು ಮಾರುವವನು ತನ್ನ ಗಾಡಿ ಬಿಟ್ಟು ಬಂದು ನಿಂತ. ಟಯರ್ ಪಂಚರ್‌ಗೆಂದು ಬಂದ ಇಬ್ಬರು ಪಂಚರ್ ಮರೆತರು.

"ಮೂರು ಚಕ್ರ ಮಗುಚ್ಕೊಳ್ತದೆ. ಆಟೋ ನೋಡಿಲ್ವಾ?" ಎಂದ ಬಾಳೆಹಣ್ಣಿನವನು.

"ಆಟೋ ಮಗುಚೋದು ಚಕ್ರದಿಂದ ಅಲ್ಲ, ಡ್ರೈವರಿಂದ" ಎಂದ ಜವರಯ್ಯ. "ಮುಂದೆ ಒಂದೇ ಚಕ್ರ ಇದ್ರೆ ಸ್ಟೇರಿಂಗು ಹಗುರ. ಕಾಂತಾ, ಮಾತಲ್ಲಿ ಬಗೆಹರಿಯಲ್ಲ. ಟ್ರಯಲ್ ನೋಡ್ಬೇಕು. ಲೋಡ್ ಹಾಕಿ ನೋಡ್ಬೇಕು."

ಮಗು ಪಿರಿಯಾಪಟ್ಟಣದಲ್ಲಿತ್ತು. ಜವರಯ್ಯ ಎದುರಿನ ತರಕಾರಿ ಅಂಗಡಿಯಲ್ಲಿ ಒಂದೊಂದೇ ಕುಂಬಳಕಾಯಿಯನ್ನು ಕಾಂತರಾಜುವಿನ ಕೈಗೆ ಕೊಟ್ಟು, "ಇಷ್ಟೈತಾ? ಇದಕ್ಕಿಂತ ಜಾಸ್ತಿಯಾ?" ಎಂದು ಕೇಳಿದ. ಎರಡು ತಿಂಗಳು ಹೊತ್ತು ತಿರುಗಿದ ಹೆಗಲಿಗೆ ಮಗುವಿನ ತೂಕ ಸರಿಯಾಗಿ ಗೊತ್ತಿತ್ತು. ಐದನೆಯ ಕುಂಬಳಕಾಯಿಗೆ ಅವನು "ಇದೇ ಕಣಣ್ಣ" ಎಂದ. ಗಾಡಿಯಲ್ಲಿ ಉರುಳಾಡದಿರಲೆಂದು ಜವರಯ್ಯ ತನ್ನ ಟವಲನ್ನು ಅದಕ್ಕೆ ಸುತ್ತಿದ. ಈಗ ಅದು ತಲೆಯವರೆಗೂ ಹೊದ್ದು ಮಲಗಿದ ಮಗುವಿನಂತೆಯೇ ಕಾಣುತ್ತಿತ್ತು.

ನಾಲ್ಕು ಚಕ್ರದ್ದು ಹತ್ತು ಹೆಜ್ಜೆ ಹೋಯಿತು. ಅಲ್ಲಿ ಚರಂಡಿಗೆ ಮುಚ್ಚಿದ ಚಪ್ಪಡಿಗಳ ಸಂದಿಗೆ ಅದರ ಪುಟ್ಟ ಪ್ಲಾಸ್ಟಿಕ್ ಚಕ್ರ ಸಿಕ್ಕಿಕೊಂಡು, ಹಟ ಹಿಡಿದ ಕರುವಿನ ಹಾಗೆ ನಿಂತುಬಿಟ್ಟಿತು. "ಇದು ಫೇಲ್" ಎಂದ ಜವರಯ್ಯ. ಮೂರು ಚಕ್ರದ್ದು ಅದೇ ಸಂದಿಯನ್ನು ಲೆಕ್ಕಕ್ಕೇ ಇಡದೆ ದಾಟಿತು. ಕಾಂತರಾಜುವಿಗೆ ಖುಷಿಯಾಗಿ ಅದನ್ನು ಇನ್ನೂ ಮುಂದಕ್ಕೆ, ಸೇತುವೆಯ ಕಡೆಗೆ ರಸ್ತೆ ಇಳಿಯುವ ಜಾಗದವರೆಗೂ ತಳ್ಳಿಕೊಂಡು ಹೋದ.

ಅಲ್ಲಿ ಒಬ್ಬ ಮುದುಕಿ ಅಡ್ಡ ಬಂದಳು. "ಏನಪ್ಪಾ ನೀನು! ಮಗೀಗೆ ಉಸಿರಾಡಕ್ಕೂ ಜಾಗ ಬುಡದಂಗೆ ಸುತ್ತಿದ್ದೀಯಲ್ಲ? ಇದರವ್ವ ಎಲ್ಲಿ?"

"ಇದು ಮಗು ಅಲ್ಲ ಕಣಜ್ಜಿ..."

"ಮಗು ಅಲ್ದೆ ಕುಂಬಳಕಾಯಾ?"

ಇಷ್ಟು ಸರಿಯಾಗಿ ಹೇಳಿದವಳಿಗೆ ಕಾಂತರಾಜು ಗಾಡಿ ಬಿಟ್ಟು ಎರಡೂ ಕೈ ಎತ್ತಿ ಮುಗಿದ. ಬ್ರೇಕಿನ ಮಾತು ಧರ್ಮೇಂದ್ರ ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಗಾಡಿ ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಬಲು ಜೋರಾಗಿ ಇಳಿಜಾರಿನಲ್ಲಿ ಹೊರಟಿತು.

"ಅಯ್ಯಯ್ಯೋ, ಮಗಾ!" ಎಂದು ಮುದುಕಿ ಕಿರುಚಿದಳು. ಆ ಕೂಗು ಗಾಡಿಗಿಂತ ಮುಂದೆ ಓಡಿತು. ಜನ ಅಂಗಡಿಗಳಿಂದ ನೆಗೆದು ಬಂದರು. ಕಾಂತರಾಜು ಓಡಿದ. ಅದರೊಳಗೆ ಏನಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಓಡುವಾಗ ಅವನ ಕಣ್ಣಿಗೆ ಕಂಡದ್ದು ತನ್ನ ಮಗಳ ಮುಖವೇ. ಗಾಡಿ ಒಂದು ಎಮ್ಮೆಯನ್ನು ತಪ್ಪಿಸಿ, ಒಂದು ಸ್ಕೂಟರನ್ನು ತಪ್ಪಿಸಿ, ಗೊಬ್ಬರದ ಅಂಗಡಿಯ ಮುಂದೆ ಪೇರಿಸಿದ್ದ ಮೂಟೆಗಳಿಗೆ ಹೋಗಿ ಗುದ್ದಿತು. ಟವಲು ಸುತ್ತಿದ ಗಂಟು ಗಾಳಿಯಲ್ಲಿ ಎದ್ದು ರಸ್ತೆಗೆ ಬಿದ್ದು ಟಪ್ ಎಂದಿತು.

ಒಂದು ಗಳಿಗೆ ಇಡೀ ಬೀದಿ ಕಣ್ಣು ಮುಚ್ಚಿಕೊಂಡಿತು. ಕಣ್ಣು ಬಿಟ್ಟಾಗ ಟವಲಿನಿಂದ ಹಳದಿ ತಿರುಳೂ ಬೀಜವೂ ಹೊರಬಂದಿದ್ದವು.

ಮಗುವಾಗಿದ್ದರೆ ಜನ ಅವನನ್ನು ಹೊಡೆಯುತ್ತಿದ್ದರು. ಕುಂಬಳಕಾಯಿ ಎಂದು ತಿಳಿದ ಮೇಲೆ ಇನ್ನೂ ಹೆಚ್ಚು ಹೊಡೆಯಬೇಕೆನ್ನಿಸಿತು. "ಕುಂಬ್ಳಕಾಯಿನ ಗಾಡೀಲಿ ಕೂರಿಸ್ಕೊಂಡು ಗಾಳಿಸವಾರಿ ಮಾಡಿಸ್ತಿದ್ದೀಯೇನೋ? ನಮ್ಮ ಜೀವ ಹೋಗಿತ್ತಲ್ಲೋ!" ಎಂದು ಗೊಬ್ಬರದಂಗಡಿಯವನು ಕಾಲರ್ ಹಿಡಿದ. ಮುದುಕಿ ರಸ್ತೆಯಲ್ಲೇ ಕೂತು ನೀರು ಕೇಳಿದಳು. ಜವರಯ್ಯ ಮಾತ್ರ ಯಾರ ಕಡೆಗೂ ನೋಡದೆ ಗಾಡಿಯ ಸುತ್ತ ಒಂದು ಸುತ್ತು ಬಂದು ಘೋಷಿಸಿದ: "ಮಗುಚಿಲ್ಲ. ಅಷ್ಟು ಸ್ಪೀಡಲ್ಲೂ ಮಗುಚಿಲ್ಲ ನೋಡು. ಇದೇ ತಗೋ."

ಕಾಂತರಾಜು ಕಾಲರ್ ಬಿಡಿಸಿಕೊಂಡು ಅದನ್ನೇ ತೆಗೆದುಕೊಂಡ. ತೆಗೆದುಕೊಳ್ಳುವ ಮೊದಲು ಬ್ರೇಕು ಹಾಕುವುದನ್ನು ಧರ್ಮೇಂದ್ರನಿಂದ ಹನ್ನೆರಡು ಸಲ ಹೇಳಿಸಿಕೊಂಡ. ವಾಪಸ್ಸು ಬಸ್ಸಿನಲ್ಲಿ ಕಂಡಕ್ಟರು ಗಾಡಿಗೆ ಲಗೇಜ್ ಟಿಕೆಟ್ಟು ಬೇಕೆಂದ. ಜವರಯ್ಯ ತಾನು ಯಾವ ಡಿಪೋದವನೆಂದು ಶುರುಮಾಡಿ ಪಿರಿಯಾಪಟ್ಟಣ ಬರುವವರೆಗೂ ಮುಗಿಸಲಿಲ್ಲ. ಆ ಗಲಾಟೆಯಲ್ಲೂ ಕಾಂತರಾಜು ಒಂದು ಕಾಲನ್ನು ಗಾಡಿಯ ಬ್ರೇಕಿನ ಮೇಲೆ ಒತ್ತಿಯೇ ಇಟ್ಟಿದ್ದ. ಇಳಿಜಾರಿನಲ್ಲಿ ಓಡಿದ ಹೆದರಿಕೆ ಇನ್ನೂ ಮೈಯಿಂದ ಇಳಿದಿರಲಿಲ್ಲ.

ಮನೆ ಮುಟ್ಟಿದಾಗ ಸಂಜೆ ನಾಲ್ಕಾಗಿತ್ತು. ಸೋಮಮ್ಮ ಗಾಡಿಗೆ ಅರಿಶಿನ ಕುಂಕುಮ ಇಟ್ಟಳು. ಪಕ್ಕದ ಮನೆಯ ಯಶೋದಮ್ಮ ಗಾಡಿಯ ಬೆನ್ನು ಸವರಿ, "ಸೋಫಾ ಕಣ್ರೀ ಇದು!" ಎಂದಳು. ಮಗುವನ್ನು ಕೂರಿಸಿದರು. ಅದು ಅಳಲಿಲ್ಲ. ಸುತ್ತ ಒಮ್ಮೆ ನೋಡಿ, ಕೈ ಚಾಚಿ ಗಾಡಿಯ ಕಂಬಿ ಹಿಡಿದು, ಹಲ್ಲಿಲ್ಲದ ಬಾಯಿ ಅಗಲಿಸಿತು. ಕಾಂತರಾಜು ಹೆಂಡತಿಯ ಮುಖ ನೋಡಿದ. ಅವಳು ಗಾಡಿಯನ್ನೇ ನೋಡುತ್ತಿದ್ದಳು. ಚಕ್ರವನ್ನು ಬೆರಳಿಂದ ಒತ್ತಿ ನೋಡಿದಳು, ಸೀಟನ್ನು ಅದುಮಿ ನೋಡಿದಳು. "ಗಟ್ಟಿಯಾಗೈತೆ ಅಲ್ವಾ?" ಎಂದಳು. ಎರಡು ತಿಂಗಳಲ್ಲಿ ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ.

"ಹುಣಸೂರಲ್ಲಿ ಟೆಸ್ಟ್ ಆಗೈತೆ" ಎಂದ ಕಾಂತರಾಜು, ಉಳಿದದ್ದು ಹೇಳದೆ.

ಅವನು ಒಳಗೆ ಹೋಗಿ ಕೈಕಾಲು ತೊಳೆದು, ತಾಯಿ ಕೊಟ್ಟ ಕಾಫಿ ಹಿಡಿದು, ಬಹಳ ದಿನದ ಮೇಲೆ ಬರಿಯ ಹೆಗಲಿನಲ್ಲಿ ಗೋಡೆಗೆ ಒರಗಿದ. ಹೊರಗೆ ಯಾರೋ, "ಕರೆಂಟು ಬಂತು, ನೀರು ಬುಟ್ರು!" ಎಂದು ಕೂಗಿದರು. ದಿನಾ ಬೆಳಿಗ್ಗೆ ಹತ್ತಕ್ಕೆ ಬರುವ ಬೀದಿ ನಲ್ಲಿ, ಅವತ್ತು ಕರೆಂಟಿಲ್ಲದೆ ಸಂಜೆಗೆ ಬಂದಿತ್ತು. ಹತ್ತು ಗಂಟೆಗೆ ಕಾಂತರಾಜು ಯಾವಾಗಲೂ ಅಂಗಡಿಯಲ್ಲಿರುವವನು. ಆ ನಲ್ಲಿಯಲ್ಲಿ ನೀರು ಬೀಳುವುದನ್ನು ಅವನು ನೋಡಿದ್ದೇ ಕಡಿಮೆ.

ಕಾಫಿ ಮುಗಿಸಿ ಹೊರಬಂದರೆ ಜಗಲಿಯಲ್ಲಿ ಮಗು ಯಶೋದಮ್ಮನ ಮಡಿಲಲ್ಲಿತ್ತು. ಗಾಡಿ ಇರಲಿಲ್ಲ.

"ಗಾಡಿ ಎಲ್ಲಕ್ಕ?"

"ನಿನ್ನ ಹೆಂಡ್ತಿ ತಗೊಂಡೋದ್ಲಪ್ಪ. ಹಿಡ್ಕೋ ಇದನ್ನ, ನಾನೂ ನೀರಿಗೆ ಹೋಗ್ಬೇಕು."

ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನು ಬೀದಿಯ ತಿರುವಿನತ್ತ ಓಡಿದ. ಅಲ್ಲಿ ಎದುರಿನಿಂದ ಗಾಡಿ ಬರುತ್ತಿತ್ತು. ಸೀಟಿನಲ್ಲಿ ಒಂದು ತುಂಬಿದ ಕೊಡ, ಕಾಲಿಡುವ ಹಲಗೆಯ ಮೇಲೆ ಇನ್ನೊಂದು. ಸೀಟಿನ ಪಟ್ಟಿ ಎರಡನ್ನೂ ಸೇರಿಸಿ ಬಿಗಿದಿತ್ತು. ಪ್ರಮೀಳಾ ನೆಟ್ಟಗೆ ನಡೆದು ಬರುತ್ತಿದ್ದಳು.

"ಪ್ರಮೀಳಾ, ಇದೇನೇ ಇದು? ಮಗೂಗೆ ಅಂತ ತಂದ್ರೆ!"

ಅವಳು ನಿಲ್ಲಲಿಲ್ಲ. "ಮಗು ನೋಡ್ರೀ, ನಿಮ್ಮ ಹತ್ರ ಎಷ್ಟು ಸುಮ್ಕಿದೆ."

"ಡಾಕ್ಟರಮ್ಮ ಏನು ಹೇಳಿದ್ರು? ನಿಂಗೆ ಭಾರ..."

"ಡಾಕ್ಟರಮ್ಮ ಹೇಳಿದ ಭಾರ ಇದೇ ಕಣ್ರೀ. ದಿನಾ ಎಂಟು ಕೊಡ. ಅತ್ತೆಗೆ ಮಂಡಿ ಆಗಲ್ಲ, ನೀವು ಅಂಗಡೀಲಿ. ಸೊಂಟಕ್ಕೆ ಒಂದು, ತಲೆ ಮೇಲೊಂದು. ಮನೇಲಿ ಎಲ್ರೂ ಸೇರಿ ನನ್ನ ಕೈಯಿಂದ ಮಗೂನ ಕಿತ್ಕೊಂಡ್ರಿ. ಕೊಡಾನ ಯಾರೂ ಕಿತ್ಕೊಳ್ಳಲಿಲ್ಲ."

ಗದರಿಸಿ ಹೇಳಲಿಲ್ಲ. ನೀರು ಬಂತು, ನೀರು ಹೋಯಿತು ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಕಾಂತರಾಜು ಅವಳ ಪಕ್ಕದಲ್ಲೇ ನಡೆದ. ಎರಡು ತಿಂಗಳು ಮಗುವನ್ನು ಹೊತ್ತು ಇದೇ ಬೀದಿಯನ್ನು ಎಷ್ಟು ಸಲ ಅಳೆದಿದ್ದೆ ಎಂದು ಯೋಚಿಸಿದ. ಎಲ್ಲರ ಮನೆಯ ಬಾಗಿಲೂ ಕಂಡಿತ್ತು. ತನ್ನ ಅಡುಗೆಮನೆಯ ತುಂಬಿದ ಹಂಡೆ ಕಂಡಿರಲಿಲ್ಲ.

"ಹೇಳ್ಬಾರ್ದಾಗಿತ್ತಾ?" ಎಂದ ಕೊನೆಗೆ.

"ಕೇಳ್ಬಾರ್ದಾಗಿತ್ತಾ?"

ಬಾಗಿಲಲ್ಲಿ ಗಾಡಿ ನಿಂತಿತು. ಕಾಂತರಾಜು ಬ್ರೇಕು ಒತ್ತಿದ. ಮಗುವನ್ನು, ಯಾರ ಅಪ್ಪಣೆಗೂ ಕಾಯದೆ, ಹೆಂಡತಿಯ ತೋಳಿಗೆ ಕೊಟ್ಟ. ಒಳಗಿನಿಂದ ಸೋಮಮ್ಮ, "ಲೋ, ಅವಳ ಕೈಗೆ ಕೊಡ್ಬೇಡ" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಪ್ರಮೀಳಾ ಮಗುವಿನ ಕತ್ತಿಗೆ ಮೂಗೊತ್ತಿ ಕಣ್ಣು ಮುಚ್ಚಿದಳು.

"ನೀನು ನಿಂತ್ಕೋ. ಇವತ್ತಿಂದ ನಾನು ಎತ್ತೋದು" ಎಂದು ಕಾಂತರಾಜು ಪಂಚೆ ಮೇಲೆ ಕಟ್ಟಿದ. ಮೊದಲ ಕೊಡ ಒಳಗೆ ಹೋಯಿತು. ಎರಡನೆಯದಕ್ಕೆ ಬಗ್ಗಿದ, ಎತ್ತಿದ, ಅರ್ಧಕ್ಕೆ ನಿಂತ. ಕೊಡವನ್ನು ಮೆಲ್ಲಗೆ ಹೊಸಿಲ ಮೇಲೆ ಇಟ್ಟ. ಆಮೇಲೆ ಅವನ ಬೆನ್ನು ನೆಟ್ಟಗಾಗಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಬಾಗಿಲುವಾಡ ಹಿಡಿದು ನಿಂತುಬಿಟ್ಟ.

"ಹಿಡ್ಕೊಂತಾ?" ಎಂದಳು ಪ್ರಮೀಳಾ.

"ಹೂಂ."

"ಸೊಂಟದ ಎಡಗಡೆ, ಸ್ವಲ್ಪ ಕೆಳಗೆ?"

"ಹೂಂ ಕಣೇ, ಅಲ್ಲೇ."

"ನಂಗೂ ಅಲ್ಲೇ" ಎಂದು ಪ್ರಮೀಳಾ ನಕ್ಕಳು. ಸಾಲಿಗ್ರಾಮದಿಂದ ಬಂದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.