ಗುರುತಿಲ್ಲದ ಗಿರಾಕಿ

ಅವರೆಕಾಯಿ ಕಾಲ ಬಂತೆಂದರೆ ಚಿಂತಾಮಣಿಯಲ್ಲಿ ಎಲ್ಲರಿಗೂ ಸಂಭ್ರಮ, ಗೋದಮ್ಮನವರ ಬಲಗೈ ಹೆಬ್ಬೆರಳೊಂದನ್ನು ಬಿಟ್ಟು. ಕಾಯಿ ಸುಲಿಯಬೇಕು, ಕಾಳು ನೆನೆಹಾಕಬೇಕು, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯೊಳಗಿನ ಬೇಳೆಯನ್ನು ಚಿಮ್ಮಿಸಬೇಕು. ಅದೇ ಹಿತಕಿದಬೇಳೆ. ತಿನ್ನುವವರಿಗೆ ಅದು ಎರಡು ಮುಷ್ಟಿ, ಹಿತಕುವವರಿಗೆ ಇಡೀ ಮಧ್ಯಾಹ್ನ. ಗೋದಮ್ಮ ಅದನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಉಪ್ಪು, ಖಾರದಪುಡಿ, ಕರಿಬೇವು ಬೆರೆಸಿ ಡಬ್ಬಕ್ಕೆ ತುಂಬಿದರೆ ಅದರ ವಾಸನೆ ಬೆಂಗಳೂರಿನವರೆಗೂ ಹೋಗುತ್ತಿತ್ತು.

ಉತ್ಪ್ರೇಕ್ಷೆಯಲ್ಲ. ಹೋಗದಿದ್ದರೆ ಇವರು ಬಾಣಲೆ ಇಳಿಸಿದ ವಾರದಲ್ಲೇ ಅಕ್ಕನ ಮಗ ಕೇಶವನ ಕಾರು ಬೆಂಗಳೂರಿನಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದುದಾದರೂ ಹೇಗೆ? ಅವನ ಹಿಂದೆಯೇ ಚಿಕ್ಕಬಳ್ಳಾಪುರದಿಂದ ನಾದಿನಿ ಶೋಭಾರಾಣಿ, ಕೈಯಲ್ಲಿ ಖಾಲಿ ಡಬ್ಬ. "ನಿಮ್ಮ ಕೈರುಚಿ ಇನ್ಯಾರಿಗೂ ಬರಲ್ಲ ಅತ್ತಿಗೆ" ಎಂಬ ಮಾತು ಆ ಡಬ್ಬದ ಜೊತೆಗೇ ಬರುತ್ತಿತ್ತು. (ಡಬ್ಬ ಮಾತ್ರ ತುಂಬಿಕೊಂಡು ಹೋಗುತ್ತಿತ್ತು. ಮಾತು ಇಲ್ಲೇ ಉಳಿಯುತ್ತಿತ್ತು.) ನೆಂಟರ ಹತ್ತಿರ ದುಡ್ಡು ಕೇಳುವುದಕ್ಕೆ ನಾಲಿಗೆ ಏಳಬೇಕಲ್ಲ! ಮದುವೆಯಾಗಿ ಬಂದಾಗಿನಿಂದ ಗೋದಮ್ಮನ ನಾಲಿಗೆ ಎದ್ದಿರಲಿಲ್ಲ. ಈ ವರ್ಷ ಹೆಬ್ಬೆರಳು ಊದಿಕೊಂಡಾಗ ಅದೂ ಎದ್ದಿತು.

"ರೀ, ಈ ಸಲ ನಾನು ಬೇಳೆ ಮಾರ್ತೀನಿ."

ಗಂಡ ದಕ್ಷಿಣಾಮೂರ್ತಿಗಳು ಪೇಪರಿನಿಂದ ತಲೆಯೆತ್ತಿದರು. "ಯಾರಿಗೆ?"

"ಗುರುತಿಲ್ಲದವರಿಗೆ. ಮುಖ ನೋಡಿದ್ರೆ ತಾನೇ ದಾಕ್ಷಿಣ್ಯ? ಆನ್‌ಲೈನ್‌ನಲ್ಲಿ ಮುಖಾನೇ ಇರಲ್ವಂತೆ. ಬರೋ ಮೊದಲ್ನೇ ದುಡ್ಡಲ್ಲಿ ಹಿತಕೋಕೆ ಒಬ್ಬಳನ್ನ ಕೂಲಿಗೆ ಕರೀತೀನಿ. ಅವಳು ಹಿತಕ್ತಾ ಇರ್ಲಿ, ನಾನು ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ಕಾಲು ಚಾಚ್ಕೊಂಡು ಮಲಗ್ತೀನಿ."

ಇದಕ್ಕಿಂತ ದೊಡ್ಡ ಆಸೆ ಆ ಹೆಂಗಸಿಗೆ ಇರಲಿಲ್ಲ. ಒಂದು ಚಾಪೆ, ಒಂದು ದಿಂಬು, ತಲೆಬಾಗಿಲಿಗೆ ಚಿಲಕ. ಅಷ್ಟೇ.

"ಮಾರೋದು ಸರಿ, ಕಂಪ್ಯೂಟರ್ ಬರಬೇಕಲ್ಲ ಕಣೇ?"

"ನಿಮಗೆ ಬರುತ್ತಲ್ಲ!"

ಈಗ ದಕ್ಷಿಣಾಮೂರ್ತಿಗಳ ಕಂಪ್ಯೂಟರ್ ಪಾಂಡಿತ್ಯದ ಬಗ್ಗೆ ಎರಡು ಮಾತು ಹೇಳಬೇಕು. ನಿವೃತ್ತರಾಗುವ ಮುಂಚಿನ ವರ್ಷಗಳಲ್ಲಿ ಕಚೇರಿಯ ಅವರ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇತ್ತು. ಬೆಳಿಗ್ಗೆ ಅದರ ಮೇಲಿನ ಬಟ್ಟೆ ತೆಗೆಯುವುದು, ಸಂಜೆ ಹೊದಿಸುವುದು, ಆಯುಧಪೂಜೆಗೆ ಕುಂಕುಮವಿಟ್ಟು ಬೂದುಗುಂಬಳ ನಿವಾಳಿಸುವುದು, ಇಷ್ಟನ್ನೂ ಅವರು ಯಾರ ಸಹಾಯವೂ ಇಲ್ಲದೆ ಮಾಡುತ್ತಿದ್ದರು. ಉಳಿದದ್ದನ್ನು ಆಪರೇಟರ್ ಮಾಡುತ್ತಿದ್ದ. ಮನೆಯಲ್ಲಿ ಮಾತ್ರ "ಇವತ್ತು ಕಂಪ್ಯೂಟರ್ ಕೆಲಸ ಬಹಳ ಇತ್ತು ಕಣೇ" ಎಂದು ಕಾಫಿಗೆ ಕೈಚಾಚಿದ್ದರು. ಈಗ "ಬರಲ್ಲ" ಎನ್ನುವುದು ಹೇಗೆ?

ಕೇಶವ ಹೋದ ವರ್ಷ ಬೇಳೆ ಒಯ್ಯುವಾಗ ಬಿಟ್ಟುಹೋಗಿದ್ದ ಹಳೇ ಲ್ಯಾಪ್‌ಟಾಪ್ ಅಟ್ಟದಿಂದ ಇಳಿಯಿತು. ದಕ್ಷಿಣಾಮೂರ್ತಿಗಳು ತಮಗೆ ಗೊತ್ತಿದ್ದಲ್ಲಿಂದ ಶುರುಮಾಡಿದರು, ಅಂದರೆ ಕುಂಕುಮವಿಟ್ಟರು. ಆಮೇಲೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದರು. ಅವರು ಅಂಗಡಿಯ ಹೆಸರು ಕುಟ್ಟಿ ಮುಗಿಸುವಷ್ಟರಲ್ಲಿ ಗೋದಮ್ಮ ಒಂದು ಮೊರ ಅಕ್ಕಿಯಲ್ಲಿ ಕಲ್ಲು ಆರಿಸಿ, ಅನ್ನಕ್ಕಿಟ್ಟು, ಸಾರಿಗೆ ಒಗ್ಗರಣೆಯನ್ನೂ ಹಾಕಿ ಬಂದಿದ್ದರು.

"ಅದೇನೋ ಪದೇ ಪದೇ ಕೇಳ್ತಾ ಇದೆಯಲ್ಲ, ಓದ್ರೀ."

"ಓದೋದೇನಿದೆ? ಕೇಳಿದ್ದಕ್ಕೆಲ್ಲ 'ಹೌದು' ಅಂತ ಒತ್ತಬೇಕು. 'ಬೇಡ' ಅಂದ್ರೆ ಅದು ಬಿಡಲ್ಲ, ಸುತ್ತಿ ಬಳಸಿ ಮತ್ತೆ ಬಂದು ಕೇಳುತ್ತೆ. ಸರ್ಕಾರಿ ಕೆಲಸದಲ್ಲಿ ನಾನು ಹಿಂಗೇ ಬದುಕಿದ್ದು."

ಹೀಗೆ ಹೌದು, ಹೌದು, ಹೌದು ಎನ್ನುತ್ತಾ 'ಗೋದಮ್ಮ ಆನ್‌ಲೈನ್ ಅಂಗಡಿ' ಲೋಕಾರ್ಪಣೆಯಾಯಿತು. 'ಮಾರುವ ವಸ್ತುವಿನ ಚಿತ್ರ ಹಾಕಿ' ಎಂದು ಅದು ಕೇಳಿದಾಗ ಫೋನಿನಲ್ಲಿ ಮೊದಲು ಸಿಕ್ಕಿದ್ದನ್ನು ದಕ್ಷಿಣಾಮೂರ್ತಿಗಳು ಒತ್ತಿದರು. ಅದು ಯಾರದೋ ಗೃಹಪ್ರವೇಶದಲ್ಲಿ ರೇಷ್ಮೆ ಸೀರೆಯುಟ್ಟು ನಿಂತ ಗೋದಮ್ಮನ ಫೋಟೋ. ಕೆಳಗೆ 'ಗರಿಗರಿ, ಖಾರ ಹದವಾಗಿದೆ, ಸ್ಟಾಕ್ ಮುಗಿಯುವವರೆಗೆ ಮಾತ್ರ' ಎಂಬ ವಿವರಣೆ.

"ಖಾರ ಹದವಾಗಿದೆ ಅಂತ ಯಾಕ್ರೀ ಸುಳ್ಳು ಬರೆದ್ರಿ?" ಎಂದರು ಗೋದಮ್ಮ. ಆ ಫೋಟೋ ತೆಗೆದು ಬೇಳೆಯದು ಹಾಕುವಷ್ಟರಲ್ಲಿ ಸಂಜೆಯಾಯಿತು.

ಅಷ್ಟರೊಳಗೆ ಆಗಬೇಕಾದ್ದು ಆಗಿಹೋಗಿತ್ತು. ಆ ಹೌದುಗಳಲ್ಲೊಂದು 'ನಿಮ್ಮ ಫೋನಿನಲ್ಲಿರುವ ಎಲ್ಲರಿಗೂ ತಿಳಿಸಬಹುದೇ?' ಎಂಬುದಕ್ಕೆ ಹೇಳಿದ್ದು. ದಕ್ಷಿಣಾಮೂರ್ತಿಗಳ ಫೋನಿನಲ್ಲಿದ್ದ ನೆಂಟರು, ನೆಂಟರ ನೆಂಟರು, ಹಾಲಿನವನು, ಗ್ಯಾಸಿನವನು, ಎಲ್ಲರಿಗೂ ಸುದ್ದಿ ಹೋಯಿತು. ಯಾರಿಂದ ತಪ್ಪಿಸಿಕೊಳ್ಳಲು ಅಂಗಡಿ ಇಟ್ಟರೋ ಅವರಿಗೇ ಮೊದಲು ಆಮಂತ್ರಣ!

ಮೊದಲ ಫೋನ್ ಶೋಭಾರಾಣಿಯದು. "ಅತ್ತಿಗೆ, ಅಂಗಡಿ ಇಟ್ರಂತೆ! ಒಳ್ಳೇದಾಯ್ತು ಬಿಡಿ, ಇನ್ಮೇಲೆ ಯಾವಾಗ್ಲೂ ಸ್ಟಾಕ್ ಇರುತ್ತೆ. ನಮಗೊಂದೆರಡು ಕೆಜಿ ಎತ್ತಿಡಿ, ಬಂದಾಗ ತಗೊಂಡೋಗ್ತೀವಿ. ಕೊರಿಯರ್ ದುಡ್ಡು ಯಾಕೆ ದಂಡ?"

ಬೇಳೆಯ ದುಡ್ಡಿನ ಮಾತು ಬರಲಿಲ್ಲ.

ಕೇಶವ ಮೆಸೇಜ್ ಹಾಕಿದ: 'ಚಿಕ್ಕಮ್ಮಾ, ತಿನ್ನೋಕೆ ಮುಂಚೆನೇ ಫೈವ್ ಸ್ಟಾರ್ ಕೊಟ್ಟಿದೀನಿ. ನನ್ನ ಪಾಲು ಮರೀಬೇಡಿ.'

ಗ್ಯಾಸಿನವನು ಸಿಲಿಂಡರ್ ಇಳಿಸಿ, "ಆಂಟೀ, ಸ್ಯಾಂಪಲ್ ಇದೆಯಾ?" ಎಂದ. ದಕ್ಷಿಣಾಮೂರ್ತಿಗಳು ಒಂದು ಪೊಟ್ಟಣವನ್ನೇ ಕೊಟ್ಟು ಕಳಿಸಿದರು.

"ಕೊಟ್ರಾ? ಹೆಸರಲ್ಲೇ ದಾಕ್ಷಿಣ್ಯ ಇಟ್ಕೊಂಡಿರೋರನ್ನ ಗಲ್ಲಾ ಮೇಲೆ ಕೂರಿಸಿದ್ದು ನನ್ನ ತಪ್ಪು," ಎಂದರು ಗೋದಮ್ಮ. ಬಯ್ಯುವುದಕ್ಕೂ ಅವರಿಗೆ ತ್ರಾಣವಿರಲಿಲ್ಲ. ಅಂಗಡಿ ಇಲ್ಲದಾಗ ವರ್ಷಕ್ಕೊಮ್ಮೆ ಬರುತ್ತಿದ್ದ ಡಬ್ಬಗಳು ಈಗ ವಾರಕ್ಕೊಮ್ಮೆ ಬರತೊಡಗಿದವು. ಅವರು ಹಿತಕಿದರು, ಕರಿದರು, ತುಂಬಿದರು. ಸಂಜೆ ಹೆಬ್ಬೆರಳನ್ನು ಬಿಸಿ ಉಪ್ಪುನೀರಿನಲ್ಲಿ ಅದ್ದಿಕೊಂಡು ಗೋಡೆಗೊರಗಿ ಕೂತರೆ ಎದುರಿಗೆ ಸುತ್ತಿಟ್ಟ ಚಾಪೆ ಕಾಣುತ್ತಿತ್ತು. ಅದನ್ನು ನೋಡಿದರೇ ಅಳು ಬರುವ ಹಾಗಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ದಕ್ಷಿಣಾಮೂರ್ತಿಗಳು ಕೂಗಿಕೊಂಡರು. "ಗೋದಾ! ದುಡ್ಡು ಬಂದಿದೆ ಕಣೇ! ಆರ್ಡರ್ ಜೊತೇಲೇ ದುಡ್ಡು!"

"ಯಾರು? ನಿಮ್ಮ ತಂಗಿನಾ?"

"ಅವಳೆಲ್ಲಿ ಕೊಟ್ಟಾಳು! ನೌರೀನ್ ಅಂತೆ. ಗೌರಿಬಿದನೂರು. ಅರ್ಧ ಕೆಜಿ."

ಗೋದಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ನೌರೀನ್! ಅವರ ಕಡೆಯಲ್ಲಿ, ಇವರ ಕಡೆಯಲ್ಲಿ, ಏಳು ತಲೆಮಾರು ಜಾಲಾಡಿದರೂ ಆ ಹೆಸರಿನ ನೆಂಟರು ಹುಟ್ಟಲು ಸಾಧ್ಯವಿಲ್ಲ. ಅಪ್ಪಟ ಗುರುತಿಲ್ಲದ ಗಿರಾಕಿ! ಗೋದಮ್ಮ ದೇವರಿಗೊಂದು ದೀಪ ಹಚ್ಚಿ, ಹಿತಕಲು ಒಬ್ಬಳಿಗೆ ಮಧ್ಯಾಹ್ನಕ್ಕೆ ಬರಹೇಳಿ, ಚಾಪೆಯನ್ನು ಆಗಲೇ ಹಾಸಿಬಿಟ್ಟರು.

ಒಂದೇ ತೊಡಕು. ವಿಳಾಸದಲ್ಲಿ ಬೀದಿ ಇತ್ತು, ಮನೆ ನಂಬರ್ ಇರಲಿಲ್ಲ. ಫೋನ್ ಮಾಡಿ ಕೇಳಬೇಕು.

"ನೀವು ಮಾತಾಡಬೇಡಿ. ಗಿರಾಕಿ ಹತ್ರ ಮಾತು ಬೆಳೆಸಿದ್ರೆ ವ್ಯಾಪಾರ ಕೆಡುತ್ತೆ," ಎಂದು ಗೋದಮ್ಮ ತಾವೇ ಫೋನ್ ಹಿಡಿದರು.

"ಹಲೋ, ನೌರೀನ್ ಅವರಾ? ನಾನು ಬೇಳೆ ಅಂಗಡಿಯವರು ಮಾತಾಡ್ತಿರೋದು. ಮನೆ ನಂಬರ್ ಹೇಳ್ತೀರಾಮ್ಮ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಕಡೆಯ ಹುಡುಗಿ, "ಒಂದ್ನಿಮಿಷ ಆಂಟಿ, ಹೊಸ ಮನೆ, ನಂಬರ್ ಬರ್ಕೊಂಡಿದೀನಿ, ನೋಡಿ ಹೇಳ್ತೀನಿ," ಎಂದಳು. ಆ ಒಂದು ನಿಮಿಷ ಸುಮ್ಮನಿರುವುದು ಹೇಗೆ? ನಮ್ಮ ಕಡೆಯ ಹೆಂಗಸಿಗೆ ಅದು ಸಾಧ್ಯವೇ?

"ನಿಮ್ಮದು ಯಾವೂರಮ್ಮಾ?"

"ಗೌರಿಬಿದನೂರೇ ಆಂಟಿ."

"ಅದು ಸರಿ. ಅಮ್ಮನ ತವರು?"

"ಅಮ್ಮೀದು ಸಾದಲಿ."

ಗೋದಮ್ಮನ ಬೆನ್ನು ನೆಟ್ಟಗಾಯಿತು. ಅವರಪ್ಪ ಮೇಷ್ಟ್ರಾಗಿದ್ದುದು ಸಾದಲಿಯಲ್ಲೇ. ದಕ್ಷಿಣಾಮೂರ್ತಿಗಳು ಎದುರಿಗೆ ನಿಂತು 'ನಂಬರ್, ನಂಬರ್' ಎಂದು ಕೈಸನ್ನೆ ಮಾಡಿದರು. ಗೋದಮ್ಮ ಕಣ್ಣು ಮುಚ್ಚಿಕೊಂಡರು.

"ಸಾದಲೀಲಿ ಎಲ್ಲಮ್ಮಾ?"

"ಸ್ಕೂಲ್ ಹಿಂದೆನೇ ಆಂಟಿ, ರೇಷ್ಮೆ ಹುಳ ಸಾಕೋರು. ಅಮ್ಮಿ ಹೆಸರು ಖತೀಜಾ ಬೀ."

"ಹುಬ್ಬಿನ ಮೇಲೆ ಗಾಯದ ಗುರುತಿದೆಯಾ? ಸೀಬೆ ಮರದಿಂದ ಬಿದ್ದಿದ್ದು?"

"ಅಯ್ಯೋ! ಹೌದು ಆಂಟಿ! ನಿಮಗೆ ಹೆಂಗೆ ಗೊತ್ತು?"

"ಹೆಂಗೆ ಗೊತ್ತಾ? ಅವಳ ಮೇಲೆ ಬಿದ್ದವಳು ನಾನೇ ಕಣಮ್ಮಾ!"

ಆಮೇಲೆ ಫೋನ್ ಕೈ ಬದಲಾಯಿತು. "ಅರೆ ಗೋದಾ! ನೀನಾ? ಎಲ್ಲಿದೀಯೇ?" ಎಂಬ ಕೂಗು ದಕ್ಷಿಣಾಮೂರ್ತಿಗಳಿಗೂ ಕೇಳಿಸಿತು. "ನಿಮ್ಮಮ್ಮ ಗೋಡೆ ಮೇಲಿಂದ ಬಟ್ಲಲ್ಲಿ ಕೊಡ್ತಿದ್ರಲ್ಲ ಹಿತಕಿದಬೇಳೆ, ಆ ರುಚಿ ಆಮೇಲೆ ಎಲ್ಲೂ ಸಿಗ್ಲೇ ಇಲ್ಲ ಕಣೇ. ಅದಕ್ಕೇ ಈ ಹುಡುಗಿ ಕೈಲಿ ಫೋನಲ್ಲಿ ಹುಡುಕ್ಸಿ ಹುಡುಕ್ಸಿ ತರಿಸ್ತಾ ಇದೀನಿ."

ಗೋದಮ್ಮನಿಗೆ ಅಮ್ಮನ ಬಟ್ಟಲು, ಹಿಪ್ಪುನೇರಳೆ ಹಣ್ಣಿನಿಂದ ನೀಲಿಯಾದ ಖತೀಜಾಳ ನಾಲಿಗೆ, ಎಲ್ಲ ಒಟ್ಟಿಗೆ ನೆನಪಾಯಿತು. ಅಷ್ಟರಲ್ಲಿ ಅವರ ಬಾಯಿ ಅವರನ್ನು ಕೇಳದೆಯೇ ಮಾತಾಡಿಬಿಟ್ಟಿತು. "ಅದಕ್ಕೆ ದುಡ್ಡು ಕಳಿಸ್ತೀಯೇನೇ? ನಾಚಿಕೆ ಆಗಲ್ವಾ ನಿನಗೆ? ನನ್ನ ಹತ್ರ ದುಡ್ಡು ಕೊಟ್ಟು ತಿಂತೀಯಾ?"

ದಕ್ಷಿಣಾಮೂರ್ತಿಗಳು ಕುರ್ಚಿ ಹುಡುಕಿಕೊಂಡು ಕೂತರು.

ಅನ್ನ ಬೆಂದು ತಳ ಹಿಡಿದ ಮೇಲೆ ಮಾತು ಮುಗಿಯಿತು. ಗೋದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮನೆ ನಂಬರ್ ಎಷ್ಟಂತೆ?"

"ನಂಬರ್ರಾ?" ಗೋದಮ್ಮ ತಡವರಿಸಿದರು. "ಕೇಳೋದು ಮರೆತೇಹೋಯ್ತು. ಬೇಕಿಲ್ಲ ಬಿಡಿ. ಭಾನುವಾರ ಅವರೇ ಊಟಕ್ಕೆ ಬರ್ತಾರೆ."

"ಎಷ್ಟು ಜನ?"

"ಖತೀಜಾ, ನೌರೀನ್, ಸೊಸೆಯಂದ್ರು, ಮಕ್ಕಳು ಮರಿ... ವ್ಯಾನ್ ಮಾಡ್ಕೊಂಡು ಬರ್ತಾರಂತೆ. ಹೋಗ್ತಾ ಒಬ್ಬೊಬ್ಬರಿಗೂ ಒಂದೊಂದು ಡಬ್ಬ ಕೊಡ್ತೀನಿ ಅಂದುಬಿಟ್ಟೆ. ಆ ದುಡ್ಡು ಮೊದ್ಲು ವಾಪಸ್ ಕಳಿಸಿ. ಕೂಲಿಯವಳಿಗೂ ಬರೋದು ಬೇಡ ಅಂತ ಹೇಳಿ, ಎಲ್ಲಿಂದ ಕೊಡೋಣ?"

ಹೆಸರು, ದಾಕ್ಷಿಣ್ಯ, ಗಲ್ಲಾ ಇವುಗಳ ಬಗ್ಗೆ ಒಂದು ಮಾತು ದಕ್ಷಿಣಾಮೂರ್ತಿಗಳ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡರು. ಲ್ಯಾಪ್‌ಟಾಪಿನ ಮುಂದೆ ಕೂತು ದುಡ್ಡು ವಾಪಸ್ ಕಳಿಸಿದರು. ಅದು ಎಂದಿನಂತೆ ಏನೋ ಕೇಳಿತು. ಅವರು ಮೊದಲ ಸಲ ಓದಿ ನೋಡಿದರು.

"ಗೋದಾ, 'ಈ ಗಿರಾಕಿಯನ್ನು ನಿಮ್ಮ ಪರಿಚಿತರ ಪಟ್ಟಿಗೆ ಸೇರಿಸಬೇಕೆ?' ಅಂತ ಕೇಳ್ತಿದೆ ಕಣೇ. ಏನನ್ಲಿ?"

"ಹೌದು ಅನ್ನಿ. ಆಮೇಲೆ ಮಾರ್ಕೆಟ್‌ಗೆ ಹೋಗಿ ಅವರೆಕಾಯಿ ತನ್ನಿ. ದೊಡ್ಡ ಚೀಲ ತಗೊಂಡೋಗಿ."

ಮಧ್ಯಾಹ್ನ ಗೋದಮ್ಮ ಅಂದುಕೊಂಡಂತೆಯೇ ಚಾಪೆಯ ಮೇಲೆ ಕಾಲು ಚಾಚಿದರು. ನೆನೆದ ಕಾಳಿನ ಬೋಗುಣಿಯನ್ನು ಪಕ್ಕಕ್ಕೆಳೆದುಕೊಂಡು, ಹೆಬ್ಬೆರಳನ್ನು ಒಮ್ಮೆ ನೀವಿ, ಹಿತಕಲು ಕೂತರು.