ಎಣ್ಣೆ ಉಣ್ಣುವ ಜೀವಿಯ ಬೆನ್ನು ಹತ್ತಿ

ಕಣ್ಣಿಗೆ ಕಾಣದ್ದನ್ನು ಹುಡುಕುವುದೇ ಉದ್ಯೋಗವಾದವನನ್ನು ಕಂಡು ಜನ ನಗದೆ ಇನ್ನೇನು ಮಾಡಿಯಾರು? ಅರವತ್ತರ ದಶಕದಲ್ಲಿ ನಾನು ಬ್ಯಾಕ್ಟೀರಿಯಾ ಪ್ರೊಫೆಸರೊಬ್ಬರ ಸಹಾಯಕ. ಕೊಳೆ ಮಣ್ಣು ಕಂಡಲ್ಲಿ ನಮ್ಮ ಸವಾರಿ ನಿಲ್ಲುತ್ತಿತ್ತು.

ಕಡೂರಿನಲ್ಲಿ

ರೈಲ್ವೆ ಸ್ಟೇಷನ್ನಿನಲ್ಲಿ ಎಂಜಿನ್ ನಿಲ್ಲುವ ಕಡೆ ಮಣ್ಣು ಎಣ್ಣೆ ಕುಡಿದು ಕಾಡಿಗೆಯಾಗಿತ್ತು. ಪ್ರೊಫೆಸರು ಪ್ಯಾಂಟಿನ ಗತಿ ಲೆಕ್ಕಿಸದೆ ಮಂಡಿಯೂರಿ ಮಣ್ಣು ತೆಗೆದರು. ಹಮಾಲನೊಬ್ಬ ಬಂದು, ಉಂಗುರ ಬಿತ್ತೇ ಎಂದು ವಿಚಾರಿಸಿದ. ಇಲ್ಲಪ್ಪ, ಇದರ ಒಂದೊಂದು ಚಮಚದಲ್ಲೂ ಕೋಟಿಗಟ್ಟಲೆ ಜೀವಿಗಳಿದ್ದಾವೆ ಅಂದೆ. ಅವನು ಒಂದು ಕಾಲೆತ್ತಿ ಹಾಗೇ ನಿಂತುಬಿಟ್ಟ.

"ಮೊದ್ಲೇ ಹೇಳ್ಬಾರ್ದಾ ಸ್ವಾಮೀ? ಈಗ ಈ ಕಾಲು ಎಲ್ಲಿಡ್ಲಿ?"

ತರೀಕೆರೆಯಲ್ಲಿ

ಲ್ಯಾಬಿನಲ್ಲಿ ಕಡೂರಿನ ಆ ಮಣ್ಣಿನಿಂದ ಒಂದು ಜೀವಿ ಎದ್ದು ಬಂತು. ಮೈಕ್ರೋಸ್ಕೋಪಿನಲ್ಲಿ ಕಂಡಾಗ ನನಗೆ ಮೈ ಜುಂ ಅಂತು. ಹುಲ್ಲೂ ಹುಟ್ಟದ ಕಡೆ, ಎಂಜಿನ್ ಎಣ್ಣೆಯನ್ನೇ ಉಂಡು ಬದುಕುವ ಪುಟ್ಟ ಪುಟ್ಟ ಕಡ್ಡಿಗಳು! ಯಾವ ಪುಸ್ತಕದಲ್ಲೂ ಇದರ ಚಹರೆ ಇಲ್ಲ. ಆದರೆ ಒಂದೇ ಕಡೆ ಸಿಕ್ಕಿದ್ದನ್ನು ಹೊಸದೆಂದರೆ, ನೀವು ಜೀವಿ ಬೆಳೆಸುವ ತಟ್ಟೆಗೆ ಗಾಳಿಯಿಂದ ಬಿದ್ದದ್ದು ಅಂತಾರೆ ಉಳಿದ ವಿಜ್ಞಾನಿಗಳು. ಇನ್ನೊಂದು ಊರಲ್ಲೂ ಸಿಗಬೇಕು ಅಂದರು ಪ್ರೊಫೆಸರು. ವರ್ಷಗಟ್ಟಲೆ ಪಟ್ಟ ಶ್ರಮ ಅದರ ಮೇಲೆ ನಿಂತಿತ್ತು.

ತರೀಕೆರೆಯ ಅಕ್ಕಿ ಗಿರಣಿಯೊಂದರ ಎಂಜಿನ್ ಪಕ್ಕದ ಮಣ್ಣಿಗೆ ಬರುತ್ತೇವೆಂದು ಮೊದಲೇ ಹೇಳಿ ಕಳಿಸಿದ್ದೆವು. ಹೋಗಿ ನೋಡಿದರೆ ಕರಿ ಮಣ್ಣೆಲ್ಲ ಕೆರೆದು ಹಾಕಿ, ಕೆಮ್ಮಣ್ಣು ಹಾಸಿ, ಸಗಣಿ ಸಾರಿಸಿ, ರಂಗೋಲಿ! ಪ್ರೊಫೆಸರು ಕುಸಿದು ಕೂತರು. ನಮಗೆ ಬೇಕಿದ್ದುದೇ ಆ ಕೊಳೆ ಎಂದು ತಿಳಿಸಿದಾಗ ಗಿರಣಿಯ ಯಜಮಾನರು ಬಹಳ ನೊಂದುಕೊಂಡರು.

"ಎಂಟು ದಿನ ಟೈಮ್ ಕೊಡಿ ಬುದ್ಧೀ, ಇನ್ನೂ ಚೆನ್ನಾಗಿ ಗಲೀಜು ಮಾಡಿಸಿಡ್ತೀನಿ."

ಅಜ್ಜಂಪುರದಲ್ಲಿ

ಇಲ್ಲಿಗೆ ಹೇಳದೇ ಹೋದೆವು. ಮನೆಗೆ ಅಂಟಿದ ಹಿಟ್ಟಿನ ಗಿರಣಿ, ಒಡತಿ ಒಬ್ಬ ಅಜ್ಜಿ. ಎಂಜಿನ್ ಬುಡದಲ್ಲಿ ಬೇಕಾದಷ್ಟು ಕರಿ ಮಣ್ಣು. ಆದರೆ ಅವತ್ತು ಶುಕ್ರವಾರ. ಮನೆಯಿಂದ ಒಂದು ಹಿಡಿ ಮಣ್ಣೂ ಹೊರಗೆ ಹೋಗೋ ಹಾಗಿಲ್ಲ ಅಂದರು ಅಜ್ಜಿ. ಪ್ರೊಫೆಸರು ಕೈ ಮುಗಿದು, ಅದರಲ್ಲಿರುವ ಎಣ್ಣೆ ಉಣ್ಣುವ ಜೀವಿಯ ಕಥೆಯನ್ನೆಲ್ಲ ಹೇಳಿದರು. ಅಜ್ಜಿ ಗಲ್ಲದ ಮೇಲೆ ಕೈಯಿಟ್ಟು ಕೇಳಿ, ಜೀವ ಇರೋದು ಅಂದಮೇಲೆ ಶುಕ್ರವಾರ ಸುತರಾಂ ಕಳಿಸಲ್ಲ ಅಂದುಬಿಟ್ಟರು. ಜಗಲಿಯಲ್ಲೇ ಮಲಗಿದೆವು.

ಬೆಳಿಗ್ಗೆ ಅಜ್ಜಿಯೇ ಕುಡಿಕೆಗೆ ಮಣ್ಣು ತುಂಬಿ, ಅರಿಶಿನ ಕುಂಕುಮ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಪ್ರೊಫೆಸರ ಕೈಗಿತ್ತರು. ಜೊತೆಗೊಂದು ಬಾಟ್ಲಿ ಹರಳೆಣ್ಣೆ. ಇದ್ಯಾಕಜ್ಜಿ ಅಂದೆ.

"ದೂರದ ದಾರಿ ಕಣಪ್ಪ. ಹಸಿದಾವು."

ಲ್ಯಾಬಿನಲ್ಲಿ ಆ ಮಣ್ಣಿನಿಂದ ಅದೇ ಜೀವಿ ಎದ್ದು ಬಂತು. ಸುದ್ದಿ ತಿಳಿಸಲು ನಾನೇ ಅಜ್ಜಂಪುರಕ್ಕೆ ಹೋದೆ. ಪ್ರಪಂಚದಲ್ಲಿ ಯಾರೂ ಕಾಣದ ಜೀವಿ ನಿಮ್ಮ ಗಿರಣಿ ಮಣ್ಣಲ್ಲೂ ಸಿಕ್ಕಿತು ಅಜ್ಜೀ, ಪುಸ್ತಕಕ್ಕೆ ಸೇರುತ್ತೆ ಅಂತ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಎಲ್ಲ ಕೇಳಿ ಮೆಲ್ಲಗೆ ಅಂದರು:

"ಅದಿರ್ಲಿ, ಎಣ್ಣೆ ಸಾಕಾಯ್ತಾ?"