ನಮ್ಮ ಓರಗಿತ್ತಿ ಒಬ್ಬಳೇ ಸಮುದ್ರಕ್ಕೆ ಹೋದದ್ದು

ನಮ್ಮ ಓರಗಿತ್ತಿಗೆ ತಲೆ ಸರಿಯಿಲ್ಲ. ನಾನೊಬ್ಬಳೇ ಹೇಳುವ ಮಾತಲ್ಲ ಇದು. ಬೇಲೂರಿನ ಗುಡಿಯ ಬೀದಿಯಲ್ಲಿ ಹೂವು ಮಾರುವವರಿಂದ ಹಿಡಿದು ಆಟೋ ಓಡಿಸುವವರವರೆಗೆ ಯಾರನ್ನು ಬೇಕಾದರೂ ಕೇಳಿ. ವ್ಯತ್ಯಾಸ ಇಷ್ಟೇ: ಅವರೆಲ್ಲ ಬೆನ್ನ ಹಿಂದೆ ಹೇಳುತ್ತಾರೆ, ನಾನು ಮುಖಕ್ಕೇ ಹೇಳುತ್ತೇನೆ. "ನಿಂಗೆ ತಲೆ ಸರಿ ಇಲ್ಲ ಕಣೇ" ಅಂದರೆ, "ಗೊತ್ತು ಬುಡಕ್ಕ, ಕಾಫಿ ಕುಡೀತೀಯಾ?" ಅನ್ನುತ್ತಾಳೆ. ಇಂಥವಳ ಜೊತೆ ಜಗಳವನ್ನಾದರೂ ಹೇಗೆ ಆಡುವುದು!

ಅವಳು ನನ್ನ ಗಂಡನ ತಮ್ಮನ ಹೆಂಡತಿ. ನಾನು ಮದುವೆಯಾಗಿ ಬಂದದ್ದು ಅರಸೀಕೆರೆಯ ತೆಂಗಿನ ತೋಟಕ್ಕೆ. ಮೈದುನನಿಗೆ ಬೇಲೂರಿನ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಅವರ ಸಂಸಾರ ಅಲ್ಲಿಗೆ ಹೋಯಿತು. ಈಗ ಅವನು ರಿಟೈರಾಗಿದ್ದಾನೆ. ಅವಳು ಆಗಿಲ್ಲ. ಏಕೆಂದರೆ ಅವರ ಮನೆ ಇರುವುದು ಗುಡಿಯ ಗೋಪುರ ಕಾಣುವಷ್ಟು ಹತ್ತಿರ. ಮನೆಯಿಂದ ಗೋಪುರ ಕಂಡರೆ ಏನಾಗುತ್ತದೆ ಗೊತ್ತೇ? ಮನೆಯೊಳಗೆ ನೆಂಟರು ಕಾಣುತ್ತಾರೆ! ತುಮಕೂರಿನವರು, ಮೈಸೂರಿನವರು, ಯಾವುದೋ ಮದುವೆಯಲ್ಲಿ ಒಮ್ಮೆ ಪಕ್ಕದ ಎಲೆಗೆ ಕೂತು ಉಂಡವರು, ಎಲ್ಲರೂ ಬರುತ್ತಾರೆ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ರಾತ್ರಿ ಇವಳ ಮನೆ. ನಾನೂ ಕಳಿಸಿದ್ದೇನೆ, ಸುಳ್ಳೇಕೆ ಹೇಳಲಿ. "ಲಾಡ್ಜು ಯಾಕೆ, ನಮ್ಮವಳು ಅವ್ಳಲ್ಲ" ಎಂದು ಧಾರಾಳವಾಗಿ ಹೇಳುವುದಕ್ಕೆ ಅರಸೀಕೆರೆಯಲ್ಲಿ ಕೂತ ನನಗೇನು ಕಷ್ಟ?

ಡಿಸೆಂಬರ್ ರಜ ಬಂತೆಂದರೆ ಮುಗಿಯಿತು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಅವಳು ಒಲೆಯ ಮೇಲೆ ಪಾತ್ರೆ ಇಡುತ್ತಾಳೆ. ಪುಟ್ಟ ಚಪ್ಪಲಿಗೆ ಹಾಲು, ಷೂಸಿಗೆ ಕಾಫಿ, ಹಿಮ್ಮಡಿ ಸವೆದ ಹವಾಯಿಗೆ ಸಕ್ಕರೆ ಹಾಕದ ಕಾಫಿ. ಒಂದು ಸಲವೂ ತಪ್ಪಿದ್ದಿಲ್ಲ! ಮಂಚಗಳೆಲ್ಲ ನೆಂಟರಿಗೆ. ಅವಳು ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಅಲ್ಲಿಗೂ ಬಂದು ಯಾರಾದರೂ ಬಾಗಿಲು ತಟ್ಟುತ್ತಾರೆ. "ಅತ್ತೆ, ಬಿಸಿನೀರು ಐತಾ?"

ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ಶಿಲಾಬಾಲಿಕೆ ಇದ್ದಾಳಲ್ಲ, ದೇಶದೇಶದವರು ಬಂದು ಕತ್ತು ನೋಯುವಂತೆ ನೋಡುತ್ತಾರಲ್ಲ, ಅವಳನ್ನು ಒಮ್ಮೆ ನೆಂಟರಿಗೆ ತೋರಿಸುತ್ತ ಇವಳು ಹೇಳಿದಳು: "ನೋಡಿ, ಯಾವ ಕಾಲದಿಂದಲೋ ಮುಖ ನೋಡ್ಕಂಡೇ ನಿಂತವ್ಳೆ. ಪುಣ್ಯವಂತೆ. ಇವಳ ಮನೆಗೆ ಒಬ್ರೂ ಬರಲ್ಲ ಅಂತ ಕಾಣುತ್ತೆ." ಪಕ್ಕದಲ್ಲಿದ್ದ ಗೈಡು ತನ್ನ ಪಾಠ ಮರೆತು ನಿಂತುಬಿಟ್ಟನಂತೆ.

ಹೋದ ಡಿಸೆಂಬರಿನಲ್ಲಿ ಫೋನು ಬಂತು.

"ಅಕ್ಕ, ನಾನು ಸಮುದ್ರದ ದಡದಲ್ಲಿ ರೆಸಾರ್ಟಿಗೆ ಹೋಗ್ತಿದೀನಿ. ಎರಡು ರಾತ್ರಿ. ಒಬ್ಬಳೇ."

"ಏನು ಮಾಡಕ್ಕೆ?"

"ನಿದ್ದೆ ಮಾಡಕ್ಕೆ."

"ಮಲಗಕ್ಕೆ ಸಮುದ್ರ ಯಾಕೆ ಬೇಕೇ? ಅರಸೀಕೆರೆಗೆ ಬಾ, ಚಾಪೆ ಕೊಡ್ತೀನಿ."

"ನಿಮ್ಮನೆಲಿ ನೀನೇ ಎಬ್ಬಿಸ್ತೀಯ. ಯಾರೂ ಬಾಗಿಲು ತಟ್ಟದೇ ಇರೋ ಒಂದು ನಿದ್ದೆ ಬೇಕು ಕಣಕ್ಕ ನಂಗೆ. ಸಾಯೋದ್ರೊಳಗೆ ಒಂದೇ ಒಂದು. ನೀನು ಬಂದು ಮನೆ ನೋಡ್ಕೋ."

ನಾನು ಬೈಯುತ್ತಲೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮೈದುನ ಬ್ಯಾಗು ಹಿಡಿದು ನಿಂತಿದ್ದಾನೆ. "ನಾನೂ ಬತ್ತೀನಿ ಅಂದೆ ಅತ್ತಿಗೆ, ಬೇಡ ಅಂತಾಳೆ."

"ನೀವು ಬಂದ್ರೆ ಅಲ್ಲೂ ಕಾಫಿ ನಾನೇ ಮಾಡ್ಬೇಕು" ಅಂದಳು ಅವಳು. ಬ್ಯಾಗು ಮಂಚದ ಕೆಳಗೆ ಹೋಯಿತು.

ರೆಸಾರ್ಟಿಗೆ ಅವಳೇ ಫೋನು ಮಾಡಿದ್ದಳು. ಆ ಕಡೆಯವನು ಕೇಳಿದನಂತೆ: "ಸೀಸನ್ ಮೇಡಂ, ಒಂದೇ ರೂಮು ಉಳಿದದ್ದು. ಎಷ್ಟು ಜನ?" "ಒಬ್ಬಳು." "ಜೊತೆಗೆ?" "ಒಂದು ಬ್ಯಾಗು."

ಪಕ್ಕದ ಮನೆಯ ಮುದುಕಿಗೆ ಸುದ್ದಿ ಮುಟ್ಟಿತು. ನಮ್ಮ ಕಡೆ ಹೆಂಗಸು ಗುಂಪಿಲ್ಲದೆ ಸಮುದ್ರಕ್ಕೆ ಹೊರಟಳೆಂದರೆ ಅಸ್ಥಿ ಬಿಡುವುದಕ್ಕೆ ಎಂದೇ ಲೆಕ್ಕ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡೇ ಬಂದಳು. "ಯಾರಮ್ಮ ತೀರ್ಕಂಡಿದ್ದು?"

"ಯಾರೂ ಇಲ್ಲ ಅಜ್ಜಿ, ಎಲ್ರೂ ಗಟ್ಟಿಯಾಗವ್ರೆ. ಅದಕ್ಕೇ ಹೋಗ್ತಿರೋದು."

ಮುದುಕಿಗೆ ಕಣ್ಣೀರು ದಂಡವಾಯಿತೆಂದು ಸಿಟ್ಟು ಬಂತು. "ಅಮಾವಾಸ್ಯೆ ಇಲ್ಲ, ಹುಣ್ಣಿಮೆ ಇಲ್ಲ. ಬರೀ ದಿನ ಸಮುದ್ರ ಮುಟ್ಟಬಾರದು ಕಣೇ!"

"ನಾನ್ಯಾಕೆ ಮುಟ್ಲಿ? ಸುಮ್ನೆ ಕೂತಿರ್ತೀನಿ. ಅದಾಗೇ ಬಂದು ಮುಟ್ಟಿದ್ರೆ ಏನು ಮಾಡಕ್ಕಾಗುತ್ತೆ?"

ಹೀಗೆ ಹೇಳಿ ಮಂಗಳೂರಿನ ಸರ್ಕಾರಿ ಬಸ್ಸು ಹತ್ತಿ ಹೋದಳು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಸರ್ಕಾರ ಇವಳನ್ನು ನೋಡಿಯೇ ಈ ಏರ್ಪಾಡು ಮಾಡಿತೋ ಏನೋ!

ಇತ್ತ ನನ್ನ ಪಾಡು ಕೇಳಿ. ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು, "ಅತ್ತಿಗೆ, ಸಕ್ಕರೆ ಎಲ್ಲೈತೆ?" ಅಂದ. ಅವನ ಮನೆ! ಅವನ ಸಕ್ಕರೆ! ಇಷ್ಟು ವರ್ಷ ಸಕ್ಕರೆ ಕಾಫಿಯೊಳಗೇ ಹುಟ್ಟುತ್ತದೆ ಅಂದುಕೊಂಡಿದ್ದನೋ ಏನೋ. ಸಂಜೆಗೆ ಒಂದು ಗುಂಪು ಇಳಿಯಿತು. ಅದು ಹಾಸಿಗೆ ಸೇರುವ ಹೊತ್ತಿಗೆ ಇನ್ನೊಂದು. ಅವರಲ್ಲಿ ಒಬ್ಬ ಹೆಂಗಸು, "ಅತ್ತೆ ಇದ್ದಿದ್ರೆ ಒಬ್ಬಟ್ಟು ಮಾಡೋರು" ಅಂದಳು. "ಅತ್ತೆ ಇಲ್ವಲ್ಲ, ಉಪ್ಪಿಟ್ಟು ತಿನ್ನು" ಅಂದೆ. ಮಾರನೆಯ ದಿನ ನನ್ನ ಸೊಂಟ ನನ್ನ ಮಾತು ಕೇಳಲಿಲ್ಲ. ಇದನ್ನು ಅವಳು ವರ್ಷವೆಲ್ಲ ಮಾಡುತ್ತಾಳಲ್ಲ, ಅವಳ ಸೊಂಟ ಏನು ಆ ಗುಡಿಯ ಕಂಬದ ಕಲ್ಲಿನದೇ?

ಅವಳು ವಾಪಸು ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಮುಖ ಕಪ್ಪಿಟ್ಟಿತ್ತು, ಕಣ್ಣು ಕೆಂಪಗಿತ್ತು. ತಟ್ಟೆಗೆ ಮುದ್ದೆ ಹಾಕಿ ಎದುರಿಗೆ ಕೂತು ಕೇಳಿದೆ. "ಮಲಗಿದ್ಯಾ?"

"ಅದನ್ನ ಆಮೇಲೆ ಹೇಳ್ತೀನಿ" ಅಂದಳು.

ಹೋದವಳು ಅಲ್ಲಿ ಥೇಟು ನೆಂಟರ ಹಾಗೇ ಇದ್ದಳಂತೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಳಂತೆ. ಕೋಳಿ ಕೂಗುವ ಹೊತ್ತಿಗೆ ಬಿಸಿನೀರು ಕೇಳಿದಳಂತೆ. ಕಾಫಿ ಕುಡಿದು "ಇನ್ನರ್ಧ ಲೋಟ ಸಿಗುತ್ತಾ?" ಅಂದಳಂತೆ. ತಿಂಡಿ ನೋಡಿ "ಇವತ್ತೂ ಇಡ್ಲಿನಾ?" ಎಂದು ಮುಖ ಸಿಂಡರಿಸಿದಳಂತೆ. ಮ್ಯಾನೇಜರು ಪಾಪ ಎಲ್ಲಕ್ಕೂ "ಆಯ್ತು ಮೇಡಂ" ಅನ್ನುತ್ತಿದ್ದನಂತೆ. "ಆ ಮಾತು ಕೇಳಿದ್ರೆ ಏನು ಸುಖ ಅಂತೀಯ ಅಕ್ಕ! ಸುಮ್ಸುಮ್ನೆ ಕರೆದು ಕರೆದು ಅನ್ನಿಸ್ದೆ."

ಸಮುದ್ರ? ಅದು ತಾನಾಗೇ ಬಂದು ಕಾಲು ಮುಟ್ಟಿತಂತೆ. ಇವಳು ಕುರ್ಚಿಯಿಂದ ಅಲ್ಲಾಡಲಿಲ್ಲವಂತೆ.

"ನಿದ್ದೆ?" ಅಂದೆ.

ಮೊದಲ ರಾತ್ರಿ ದಡದ ಮೇಲೆ ಯಾರೋ ಹುಡುಗರು ದೊಡ್ಡ ಸ್ಪೀಕರ್ ಡಬ್ಬ ಇಟ್ಟು ಹಾಡು ಹಾಕಿ ಕುಣಿದರಂತೆ. ಕಿವಿಗೆ ಹತ್ತಿ ತುರುಕಿಕೊಂಡು ಬೆಳಗು ಮಾಡಿದಳಂತೆ. ಎರಡನೆಯ ದಿನ ಕತ್ತಲಾಗುತ್ತಿದ್ದ ಹಾಗೇ ಉಂಡು, ಬಾಗಿಲು ಹಾಕಿ, ಫ್ಯಾನು ತಿರುಗಿಸಿ ಕಣ್ಣು ಮುಚ್ಚಿದ್ದಾಳೆ. ಬಾಗಿಲು ಟಕಟಕ! ಅಲ್ಲೂ!

ತೆಗೆದರೆ ಮ್ಯಾನೇಜರು. ಅವನ ಹಿಂದೆ ಇಬ್ಬರು ಹೆಂಗಸರು, ಕಂಕುಳಲ್ಲೊಂದು ಕೈಲೊಂದು ಮಕ್ಕಳು. "ಮೇಡಂ, ರೂಮೆಲ್ಲ ಫುಲ್. ಇವರದ್ದು ಬುಕ್ಕಿಂಗು ಎಂತದೋ ಮಿಸ್ಟೇಕ್ ಆಗಿದೆ. ನೀವು ಹೇಗೂ ಒಬ್ಬರೇ ಅಲ್ವಾ? ಮಂಚ ದೊಡ್ಡದುಂಟು..."

ಇವಳು ಬಾಯಿ ತೆರೆಯುವ ಮುಂಚೆ ಆ ಹೆಂಗಸರಲ್ಲೊಬ್ಬಳು ಕುಣಿದಾಡಿಬಿಟ್ಟಳಂತೆ. "ಅಯ್ಯೋ! ನೀವು ಬೇಲೂರಿನ ಅತ್ತೆ ಅಲ್ವಾ? ಹೋದ ವರ್ಷ ನಿಮ್ಮನೆಲೇ ಇಳಿದಿದ್ವಲ್ಲ! ನಿಮ್ಮ ಬಸ್ಸಾರು ಇನ್ನೂ ಬಾಯಲ್ಲೇ ಐತೆ!"

"ಆಮೇಲೆ?" ಅಂದೆ. ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತ್ತು.

"ಅವಳ ಮುಖ ನೋಡ್ದೆ. 'ಬೇಲೂರಾ? ಅದು ಎಲ್ಲಿ ಬರುತ್ತೆ?' ಅಂದು ಬಾಗಿಲು ಹಾಕ್ಕಂಡೆ."

ಮೈದುನ ಕುಡಿಯುತ್ತಿದ್ದ ಮಜ್ಜಿಗೆ ಮೂಗಿಗೇರಿತು. ನಾನು ನಕ್ಕು ನಕ್ಕು ಸೊಂಟದ ನೋವನ್ನೂ ಮರೆತೆ. "ಅಂತೂ ಗೆದ್ದೆಯಲ್ಲೇ! ಆಮೇಲಾದ್ರೂ ನಿದ್ದೆ ಬಂತಾ?"

ಅವಳು ನಗಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ಬಾಗಿಲ ಆಚೆ ಅವರು ಮಾತಾಡಿದ್ದು ಕೇಳ್ತು ಅಕ್ಕ. ಇಲ್ಲೇ ಹತ್ರದ ಊರಲ್ಲಿ ಯಾರೋ ನೆಂಟರ ಮನೆ ಐತೆ, ಅಲ್ಲಿಗೇ ಹೋಗಿ ಬಾಗಿಲು ತಟ್ಟಣ ಅಂದ್ರು. ಆ ಮನೆ ಹೆಂಗಸು ಆಗಷ್ಟೇ ಪಾತ್ರೆ ತೊಳೆದು ಮಲಗಿರ್ತಾಳೆ. ಎದ್ದು ಅಕ್ಕಿ ತೊಳೀತಾ ಇರ್ತಾಳೆ. ಬೆಳಗಾಗೋವರೆಗೂ ಅವಳೇ ಕಣ್ಣ ಮುಂದೆ. ಯಾರೋ ಏನೋ, ಮುಖಾನೂ ಕಂಡಿಲ್ಲ. ಹೆಂಗೆ ಬರುತ್ತೆ ನಿದ್ದೆ?"

"ತಟ್ಟೆ ಬುಡು, ನಾನು ತೊಳೀತೀನಿ. ಹೋಗಿ ಮಂಚದ ಮೇಲೆ ಬಿದ್ಕೋ" ಎಂದು ಗದರಿದೆ. ಬೀದಿ ಕಡೆಯ ಕೋಣೆಗೆ ಹೋಗಿ ಬಿದ್ದಳು. ನಾನು ಹೊದಿಕೆ ತರುವಷ್ಟರಲ್ಲಿ ಬಾಯಿ ತೆರೆದು ಮಲಗಿದ್ದಳು. ಅಂಗಾಲಿಗೆ ಇನ್ನೂ ಮರಳು ಅಂಟಿತ್ತು. ನಾನು ಒರೆಸಲಿಲ್ಲ. ಎಚ್ಚರವಾದೀತು.

ಸ್ವಲ್ಪ ಹೊತ್ತಿಗೇ ಹೊರಗೆ ಒಂದು ವ್ಯಾನು ನಿಂತ ಸದ್ದಾಯಿತು. ಮಕ್ಕಳ ಗಲಾಟೆ. ಮೈದುನ ಅಭ್ಯಾಸಬಲದಿಂದ ಮುಖದ ತುಂಬ ನಗು ತುಂಬಿಕೊಂಡು ಎದ್ದ. ಅವನನ್ನು ಹೆಗಲು ಒತ್ತಿ ಕೂರಿಸಿ, ಸೊಂಟ ಹಿಡಿದುಕೊಂಡು ಹೆಚ್ಚುಕಡಿಮೆ ಓಡಿದೆ. ಬಾಗಿಲಿಗೆ ಕೈ ಎತ್ತಿದ್ದ ಗಂಡಸು ನನ್ನನ್ನು ನೋಡಿ ಕೈ ಇಳಿಸಿದ. ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ.

"ನಮಸ್ಕಾರ ಅಜ್ಜಿ. ಅತ್ತೆ ಇಲ್ವಾ?"

"ಇಲ್ಲ ಕಣಪ್ಪ. ಸಮುದ್ರಕ್ಕೆ ಹೋಗವ್ಳೆ."

"ಯಾವಾಗ ಬತ್ತಾರೆ?"

ಪಕ್ಕದ ಕಿಟಕಿಯಿಂದ ಅವಳ ಗೊರಕೆ ಕೇಳುತ್ತಿತ್ತು.

"ಹೇಳಕ್ಕಾಗಲ್ಲ" ಅಂದೆ. "ಈಗ ತಾನೇ ತಲುಪವ್ಳೆ."